ತಪಸ್ಸು ಕಾಲ: ಮಟನ್ ಬಿಟ್ಟರೆ ಮುಗಿಯಿತೇ?

ತಪಸ್ಸು ಕಾಲ ಅಂದರೆ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚೆ ಕ್ರೈಸ್ತರು ಉಪವಾಸ, ಪ್ರಾರ್ಥನೆ, ದಾನದಲ್ಲಿ ಕಳೆಯುವ ನಲವತ್ತು ದಿನ, ವಿಭೂತಿ ಬುಧವಾರ ಅದರ ಮೊದಲ ದಿನ. ಅದರ ಹಿಂದಿನ ರಾತ್ರಿ ಬಿರಿಯಾನಿ. ಮರುದಿನ ಹಣೆಗೆ ಬೂದಿ. ಆಮೇಲೆ 'ನಲವತ್ತು ದಿನ ನಾನ್‌ವೆಜ್ ಇಲ್ಲ' ಅಂತ ಸ್ಟೇಟಸ್. ಎರಡನೇ ವಾರಕ್ಕೆ ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ, ಶುಕ್ರವಾರ ಬಂತೆಂದರೆ ಅಂಜಲ್ ಮೀನಿನ ಫ್ರೈ. ಪಾಸ್ಕ ಹಬ್ಬದ ಹೊತ್ತಿಗೆ ತೂಕ ಎರಡು ಕೇಜಿ ಜಾಸ್ತಿ, ಮಿಕ್ಕಿದ್ದೆಲ್ಲ ಹಾಗೇ ಇರುತ್ತದೆ. ನಮ್ಮ ಧರ್ಮಕೇಂದ್ರದಲ್ಲಿ ವರ್ಷ ವರ್ಷವೂ ಇದನ್ನೇ ನೋಡುತ್ತಿದ್ದೇನೆ. ಬಿಡುವುದು ಜನಕ್ಕೆ ಚೆನ್ನಾಗಿ ಗೊತ್ತು, ಬಿಟ್ಟ ಮೇಲೆ ಏನು ಮಾಡಬೇಕು ಅನ್ನುವಲ್ಲೇ ಎಡವುವುದು.

ಮೊದಲು ಕ್ಯಾಲೆಂಡರ್, ಆಮೇಲೆ ಗರಿ

2026ರಲ್ಲಿ ವಿಭೂತಿ ಬುಧವಾರ ಫೆಬ್ರುವರಿ 18, ಪಾಸ್ಕ ಏಪ್ರಿಲ್ 5. 2027ರಲ್ಲಿ ಫೆಬ್ರುವರಿ 10 ಮತ್ತು ಮಾರ್ಚ್ 28. ಬುಧವಾರದಿಂದ ಪಾಸ್ಕದ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನ ಬರುತ್ತದೆ, ಅದರಲ್ಲಿ ಆರು ಭಾನುವಾರ ತೆಗೆದರೆ 40. ಭಾನುವಾರ ಯೇಸು ಎದ್ದು ಬಂದ ದಿನ, ಆದ್ದರಿಂದ ಉಪವಾಸಕ್ಕೆ ಲೆಕ್ಕವಿಲ್ಲ.

ಕಳೆದ ವರ್ಷ ಪಾಸ್ಕದ ಹಿಂದಿನ ಭಾನುವಾರ, ಅಂದರೆ ಗರಿಗಳ ಭಾನುವಾರ, ಚರ್ಚಿನಿಂದ ತಂದು ಗೋಡೆಯ ಶಿಲುಬೆಗೆ ಸಿಕ್ಕಿಸಿದ ಗರಿ ಇನ್ನೂ ಅಲ್ಲೇ ಒಣಗುತ್ತಿರಬೇಕು, ಅಲ್ವಾ? ವಿಭೂತಿ ಬುಧವಾರಕ್ಕೆ ಒಂದು ವಾರ ಮೊದಲೇ ಅದನ್ನು ಚರ್ಚಿಗೆ ಕೊಟ್ಟುಬಿಡಿ. ಅದನ್ನು ಸುಟ್ಟ ಬೂದಿಯೇ ನಿಮ್ಮ ಹಣೆಗೆ ಬರುವುದು.

ಏನು ಬಿಡಬೇಕು

ಕಥೋಲಿಕರಿಗೆ ಕಡ್ಡಾಯವಾದದ್ದು ತೀರಾ ಕಡಿಮೆ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ. ಅಂದರೆ ಒಂದು ಹೊತ್ತು ಪೂರ್ತಿ ಊಟ, ಬೇಕಿದ್ದರೆ ಇನ್ನೆರಡು ಹೊತ್ತು ಚೂರು ಪಾರು. ಇದು 18 ತುಂಬಿದವರಿಂದ 59 ತುಂಬುವವರೆಗೆ. ಆ ಎರಡು ದಿನವೂ, ಈ ಕಾಲದ ಶುಕ್ರವಾರಗಳಲ್ಲೂ 14 ತುಂಬಿದವರು ಮಾಂಸ ಮುಟ್ಟುವಂತಿಲ್ಲ. ಸಕ್ಕರೆ ಕಾಯಿಲೆಯವರು, ಬಸುರಿ ಬಾಣಂತಿಯರು, ಮೈ ಮುರಿಯುವ ಕೆಲಸ ಮಾಡುವವರು ಹಸಿದುಕೊಂಡು ಶೂರತನ ತೋರಿಸುವ ಅಗತ್ಯವಿಲ್ಲ. ನಮ್ಮ ಹಿರಿಯರು ಪೂರ್ತಿ ನಲವತ್ತು ದಿನ ಒಪ್ಪತ್ತು ಇರುತ್ತಿದ್ದರು, ಮದುವೆ ಇಟ್ಟುಕೊಳ್ಳುತ್ತಿರಲಿಲ್ಲ, ಹೊಸ ಬಟ್ಟೆ ತರುತ್ತಿರಲಿಲ್ಲ. ಅದು ರೂಢಿ. ನಡೆಸಿಕೊಂಡು ಬಂದರೆ ಒಳ್ಳೆಯದು.

ಅದರ ಮೇಲೆ ನಿಮ್ಮದು ಅಂತ ಒಂದನ್ನು ಆರಿಸಿಕೊಳ್ಳಿ. ಒಂದೇ ಒಂದು. ಪಟ್ಟಿ ಮಾಡಬೇಡಿ. ಕಾಫಿ, ಸಿಗರೇಟು, ರೀಲ್ಸ್, ಸೀರಿಯಲ್ ನಾಲ್ಕನ್ನೂ ಒಟ್ಟಿಗೆ ಬಿಡುತ್ತೇನೆ ಅಂದವರು ಮೊದಲ ಭಾನುವಾರದ ಹೊತ್ತಿಗೆ ನಾಲ್ಕನ್ನೂ ಮತ್ತೆ ಶುರು ಮಾಡಿರುತ್ತಾರೆ. ಯಾವುದಕ್ಕೆ ನಿಮ್ಮ ಕೈ ತಾನಾಗಿಯೇ ಹೋಗುತ್ತದೋ ಅದನ್ನು ಬಿಡಿ. ವಾರಕ್ಕೊಮ್ಮೆ ಮಟನ್ ತಿನ್ನುವವರಿಗೆ ಮಟನ್ ಬಿಡುವುದು ದೊಡ್ಡ ಮಾತಲ್ಲ, ಗಂಟೆಗೆ ಹತ್ತು ಸಲ ಫೋನ್ ತೆಗೆಯುವವರಿಗೆ ಫೋನು ದೊಡ್ಡ ಮಾತು. ತಿನ್ನುವ ಕುಡಿಯುವ ವಸ್ತುವಾದರೆ ಭಾನುವಾರ ಸಡಿಲ ಬಿಡಿ, ಫೋನಾದರೆ ಭಾನುವಾರವೂ ಬೇಡ. ಇದು ನಿಯಮವಲ್ಲ, ನನ್ನ ಹಟ.

ಮಟನ್ ರುಚಿಯದೇ ಸೋಯಾ ಬಿರಿಯಾನಿ ಮಾಡಿ ತಿನ್ನುವುದು ಬೇಡ. ಅದರ ಬದಲು ಮಟನ್ನೇ ತಿನ್ನಿ. ಎಷ್ಟು ದಿನ ತಪ್ಪದೆ ಮಾಡಿದಿರಿ ಅಂತ ಬಹುಮಾನ ಕೊಡುವ ಉಪವಾಸದ ಆ್ಯಪ್‌ಗಳೂ ಬೇಡ. ಮನಸ್ಸು ದೇವರನ್ನು ಬಿಟ್ಟು ಅಂಕಿಯ ಹಿಂದೆ ಓಡುತ್ತದೆ.

ಉಳಿದ ದುಡ್ಡು

ದಿನಕ್ಕೆ 20 ರೂಪಾಯಿಯ ಕಾಫಿ ಬಿಟ್ಟರೆ 40 ದಿನಕ್ಕೆ 800. ಡಬ್ಬದಲ್ಲಿ ಹಾಕುತ್ತಾ ಬನ್ನಿ, ಮುಖ ಗೊತ್ತಿರುವ ಯಾರಿಗಾದರೂ ಕೊಡಿ, ಫೋಟೊ ತೆಗೆಯಬೇಡಿ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅನ್ನುವ ಶುಭಸಂದೇಶವನ್ನು ವಿಭೂತಿ ಬುಧವಾರವೇ ಓದುತ್ತಾರೆ, ಮತ್ತಾಯ 6ನೇ ಅಧ್ಯಾಯ. ಅದನ್ನು ಕೇಳಿಸಿಕೊಂಡು ಹೊರಗೆ ಬಂದು ಬೂದಿ ಹಚ್ಚಿದ ಹಣೆಯ ಸೆಲ್ಫಿ ಹಾಕುವವರಿಗೆ ಏನು ಹೇಳೋಣ.

ನಿಜವಾದ ಕಷ್ಟ: ದಿನದ ಹತ್ತು ನಿಮಿಷ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ.

ದಿನಕ್ಕೊಮ್ಮೆ ಕೂತು ಆ ದಿನವನ್ನು ತಿರುಗಿ ನೋಡಬೇಕು. ಆತ್ಮಪರಿಶೀಲನೆ ಅನ್ನುತ್ತಾರೆ. 16ನೇ ಶತಮಾನದಲ್ಲಿ ಯೇಸುಸಭೆ ಎಂಬ ಗುರುಗಳ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಇದಕ್ಕೆ ಐದು ಮೆಟ್ಟಿಲು ಹಾಕಿಕೊಟ್ಟಿದ್ದಾರೆ: ದೇವರಿಗೆ ಕೃತಜ್ಞತೆ ಹೇಳುವುದು, ಬೆಳಕು ಕೇಳುವುದು, ದಿನವನ್ನು ನೋಡುವುದು, ತಪ್ಪಿಗೆ ಮರುಗುವುದು, ನಾಳೆಗೆ ನಿರ್ಧಾರ ಮಾಡುವುದು. ಓದಲು ಸುಲಭ. ಕೂತಾಗ ಗೊತ್ತಾಗುತ್ತದೆ.

ಹಾಸಿಗೆಯಲ್ಲಿ ಮಾಡಬೇಡಿ. ಎರಡನೇ ಮೆಟ್ಟಿಲಿಗೇ ಗೊರಕೆ ಬರುತ್ತದೆ. ಕೆಲಸದಿಂದ ಬಂದು ಕೈಕಾಲು ತೊಳೆದು, ಊಟಕ್ಕೆ ಮೊದಲು ಕೂರಿ. ಬೆನ್ನು ನೇರ ಇರುವ ಕುರ್ಚಿ ಸಾಕು, ಪ್ಲಾಸ್ಟಿಕ್ ಕುರ್ಚಿಯಾದರೂ ನಡೆಯುತ್ತದೆ. ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಮಗ್ಗುಲಲ್ಲಿ ಇಟ್ಟುಕೊಂಡು ಸೈಲೆಂಟ್ ಮಾಡಿದ್ದೇನೆ ಅನ್ನುವುದೆಲ್ಲ ಬೇಡ.

ಹತ್ತು ಆಜ್ಞೆ ಹಿಡಿದುಕೊಂಡು ಒಂದೊಂದಾಗಿ ಟಿಕ್ ಹಾಕಬೇಡಿ. ಕೊಲೆ ಮಾಡಿಲ್ಲ, ಕದ್ದಿಲ್ಲ, ಎರಡು ನಿಮಿಷದಲ್ಲಿ ನೀವು ಸಂತರಾಗಿಬಿಡುತ್ತೀರಿ. ಗಡಿಯಾರ ಹಿಡಿದು ನೋಡಿ. ಆರೂವರೆಗೆ ಹಾಲಿನವನು ಚಿಲ್ಲರೆ ಇಲ್ಲ ಅಂದಾಗ ನಿಮ್ಮ ಮುಖ ಹೇಗಿತ್ತು? ಏಳೂವರೆಗೆ ಮಗಳ ಶೂ ಸಿಗಲಿಲ್ಲ, ಆಗ ಕಿರುಚಿದ್ದು ಶೂಗೋ ಅಥವಾ ರಾತ್ರಿ ಬಂದ ಬ್ಯಾಂಕಿನ ಮೆಸೇಜಿಗೋ? ಬಸ್ಸಿನಲ್ಲಿ ಮಗು ಎತ್ತಿಕೊಂಡು ನಿಂತಿದ್ದವಳನ್ನು ನೋಡಿಯೂ ಕಿಟಕಿಯ ಕಡೆ ತಿರುಗಿದ್ದು ಯಾಕೆ? ಹೀಗೆ ಒಂದೊಂದೇ ಗಂಟೆ ದಾಟುವಾಗ ಮನಸ್ಸು ಒಂದು ಕಡೆ ಸರಕ್ಕನೆ ಜಾರಿ ಮುಂದಕ್ಕೆ ಹೋಗಲು ನೋಡುತ್ತದೆ, 'ಅದೇನಿಲ್ಲ ಬಿಡು' ಅನ್ನುತ್ತದೆ. ನಿಲ್ಲಬೇಕಾದ್ದು ಅಲ್ಲೇ.

ನಿಂತ ಕೂಡಲೇ ಒಳಗಿನ ವಕೀಲ ಎದ್ದು ನಿಲ್ಲುತ್ತಾನೆ. ಅವಳೇ ಮೊದಲು ಅಂದದ್ದು, ನನಗೂ ತಲೆನೋವಿತ್ತು, ಯಾರಾದರೂ ಹಾಗೇ ಮಾಡುತ್ತಿದ್ದರು. ನಿಮ್ಮ ಕತೆಯಲ್ಲಿ ಪ್ರತಿದಿನ ನೀವೇ ಒಳ್ಳೆಯವರಾಗಿದ್ದರೆ ಅದೇ ಕತೆಯನ್ನು ಎದುರಿನವರ ಬಾಯಿಂದ ಒಮ್ಮೆ ಹೇಳಿ ನೋಡಿ. ಅತ್ತೆಯ ಬಾಯಿಂದ, ಮನೆಗೆಲಸದವಳ ಬಾಯಿಂದ, ನಿಮ್ಮ ಕೈಕೆಳಗಿನ ಹುಡುಗನ ಬಾಯಿಂದ.

ಇದಕ್ಕೆ ತಿರುವುಮುರುವಾದ ತಪ್ಪೂ ಇದೆ. ನಾನು ಪಾಪಿ, ನಾನು ಯಾವುದಕ್ಕೂ ಲಾಯಕ್ಕಿಲ್ಲ ಅಂತ ದಿನಾ ಕಣ್ಣೀರು ಹಾಕುವುದು. ನೋಡಲು ಭಕ್ತಿಯಂತೆ ಕಾಣುತ್ತದೆ, ಆದರೆ ಅಲ್ಲೂ 'ನಾನು, ನಾನು' ಅಂತಲೇ ನಡೆದಿರುತ್ತದೆ. ಅದಕ್ಕೇ ಕೃತಜ್ಞತೆ ಮೊದಲ ಮೆಟ್ಟಿಲು. ಆ ದಿನ ಸಿಕ್ಕ ಒಳ್ಳೆಯದನ್ನು ಹೆಸರು ಹಿಡಿದು ಹೇಳಿ: ಎದುರುಮನೆಯವರು ಕೊಟ್ಟ ನುಗ್ಗೆಕಾಯಿ, ಜ್ವರ ಇಳಿದದ್ದು. 'ಎಲ್ಲದಕ್ಕೂ ಸ್ತೋತ್ರ' ಅಂತ ಒಂದೇ ಮಾತಿನಲ್ಲಿ ಮುಗಿಸುವುದು ಸೋಮಾರಿತನ.

ಕೊನೆಯ ಮೆಟ್ಟಿಲಿನ ನಿರ್ಧಾರ ಚಿಕ್ಕದಿರಲಿ. 'ಇನ್ನು ಕೋಪ ಮಾಡಿಕೊಳ್ಳುವುದಿಲ್ಲ' ಅಂದರೆ ನಾಳೆ ಬೆಳಿಗ್ಗೆಯೇ ಸೋಲುತ್ತೀರಿ. 'ನಾಳೆ ಅಪ್ಪ ಅದೇ ಹಳೇ ಕತೆ ಹೇಳುವಾಗ ನಡುವೆ ಬಾಯಿ ಹಾಕುವುದಿಲ್ಲ' ಅನ್ನಿ. ಇದನ್ನು ಒಂದು ಸಾಲಿನಲ್ಲಿ ಬರೆದಿಡಿ. ಅದಕ್ಕೆ ಮಕ್ಕಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಸಾಕು. ಈಗ ಬಣ್ಣ ಬಣ್ಣದ ಪ್ರಾರ್ಥನೆ ಡೈರಿಗಳು ಬಂದಿವೆ, ಪುಟದ ಮುಕ್ಕಾಲು ಭಾಗ ಹೂವು ಪಾರಿವಾಳವೇ ತುಂಬಿರುತ್ತದೆ, ಬರೆಯಲು ಜಾಗವೇ ಇಲ್ಲ, ಬೆಲೆ ಕೇಳಬೇಡಿ.

ಮೂರನೇ ವಾರಕ್ಕೆ ಬೇಜಾರು ಬರುತ್ತದೆ. ಬರೆದದ್ದೇ ಬರೆಯುತ್ತಿದ್ದೇನೆ ಅನ್ನಿಸುತ್ತದೆ. ಆಗ ಬಿಡಬೇಡಿ, ಹಿಂದಿನ ಹಾಳೆ ತಿರುಗಿಸಿ. ಒಂದೇ ಹೆಸರು ಮತ್ತೆ ಮತ್ತೆ ಬಂದಿರುತ್ತದೆ. ಈ ವರ್ಷದ ನಿಮ್ಮ ತಪಸ್ಸು ಆ ಹೆಸರಿನ ಜೊತೆಗೇ ಇರುವುದು. ಕಾಫಿಯದೆಲ್ಲ ಅದಕ್ಕೆ ತಯಾರಿ.

ಆ ಹೆಸರಿನ ಮನೆಗೆ ಹೋಗುವುದು

ಪೀಠದ ಮುಂದೆ ಕಾಣಿಕೆ ಬಿಟ್ಟು ಮೊದಲು ಸಹೋದರನ ಜೊತೆ ರಾಜಿಯಾಗಿ ಬಾ ಅಂತ ಮತ್ತಾಯ 5ರಲ್ಲಿದೆ. ಇದಕ್ಕೆ ಜನ ಕಂಡುಕೊಂಡಿರುವ ಅಡ್ಡದಾರಿ ಎಂದರೆ ಶುಭ ಶುಕ್ರವಾರದ ಫಾರ್ವರ್ಡ್: 'ನನ್ನಿಂದ ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ', ಕೆಳಗೆ ಕೈಮುಗಿದ ಚಿತ್ರ, ಇನ್ನೂರು ಜನಕ್ಕೆ ಒಟ್ಟಿಗೆ. ಅದನ್ನು ಕಳಿಸಿದವರೂ ಓದಿರುವುದಿಲ್ಲ.

ಹೋಗಿ, ಇಲ್ಲವೇ ಫೋನ್ ಮಾಡಿ. ನಿಮ್ಮ ಪಾಲಿನ ತಪ್ಪನ್ನಷ್ಟೇ ಹೇಳಿ. 'ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಿನ್ನೊಬ್ಬಳ ಮೇಲೇ ಬಿಟ್ಟೆ, ತಪ್ಪಾಯಿತು.' ಮುಗಿಯಿತು. 'ಆದರೆ ನೀನೂ' ಅಂತ ಮುಂದುವರಿಸಿದರೆ ಹೋಗಿದ್ದೇ ದಂಡ. ಸೈಟು ಜಮೀನಿನ ತಕರಾರಿದ್ದರೆ ಆ ದಿನ ಅದರ ಸುದ್ದಿ ಎತ್ತಬೇಡಿ, ಪತ್ರಗಳ ಮಾತು ಬೇರೆ ದಿನ ಆಡಿ. ಅವರು ಬಾಗಿಲು ಹಾಕಿಕೊಂಡರೆ ವಾಪಸ್ ಬನ್ನಿ. ಇನ್ನೊಂದು ಮಾತು: ನಿಮ್ಮನ್ನು ಹೊಡೆದವರ, ಹಿಂಸಿಸಿದವರ ಮನೆಗೆ ತಪಸ್ಸು ಕಾಲದ ಹೆಸರಿನಲ್ಲಿ ಯಾರೂ ಹೋಗಬೇಕಿಲ್ಲ, ಹೋಗು ಅಂತ ಬಲವಂತ ಮಾಡುವವರ ಮಾತನ್ನು ಕೇಳಲೂ ಬೇಕಿಲ್ಲ.

ಮಿಕ್ಕಿದ್ದು

ಫಾದರ್ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗೆ ಪಾಸ್ಕದ ಹಿಂದಿನ ಪವಿತ್ರ ವಾರದವರೆಗೆ ಕಾಯಬೇಡಿ, ಆಗ ಕ್ಯೂ ಬಾಗಿಲು ದಾಟಿರುತ್ತದೆ, ಫಾದರ್‌ಗೂ ಸುಸ್ತು. ನಾಲ್ಕನೇ ವಾರವೇ ಹೋಗಿ. ನೋಟ್‌ಬುಕ್ ಇದೆಯಲ್ಲ, ಹೇಳಲು ತಡಕಾಡಬೇಕಿಲ್ಲ.

ಶುಕ್ರವಾರದ ಶಿಲುಬೆ ಹಾದಿಗೆ, ಅಂದರೆ ಯೇಸು ಶಿಲುಬೆ ಹೊತ್ತ ದಾರಿಯನ್ನು 14 ಸ್ಥಳಗಳಲ್ಲಿ ನಿಂತು ನೆನೆಯುವ ಪ್ರಾರ್ಥನೆಗೆ, ಹೋಗಿ ನಡೆಯಿರಿ, ಮನೆಯಲ್ಲಿ ವಿಡಿಯೊ ಹಾಕಿ ವೇಗ ಹೆಚ್ಚಿಸಿ ಮುಗಿಸಬೇಡಿ. 14 ಸ್ಥಳದಲ್ಲೂ ಮನಸ್ಸು ನಿಲ್ಲುವುದಿಲ್ಲ, ವಾರಕ್ಕೆ ಒಂದನ್ನು ಹಿಡಿದುಕೊಳ್ಳಿ. ನನಗೆ ಐದನೆಯದೇ ಇಷ್ಟ: ಹೊಲದಿಂದ ತನ್ನ ಪಾಡಿಗೆ ಬರುತ್ತಿದ್ದ ಸಿರೇನಿನ ಸಿಮೋನನನ್ನು ಸೈನಿಕರು ಹಿಡಿದು ಶಿಲುಬೆ ಹೊರಿಸುತ್ತಾರೆ, ಅವನು ಇಷ್ಟಪಟ್ಟು ಬಂದವನೇನಲ್ಲ. ಶಿಲುಬೆ ಹಾದಿ ನಡೆಯಲು ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕಪಾಲ ಬೆಟ್ಟಕ್ಕೆ ಹೋಗುವವರು ಬಿಸಿಲೇರುವ ಮೊದಲೇ ಹತ್ತಿ, ನೀರು ಒಯ್ಯಿರಿ, ಚಿಪ್ಸ್ ಪೊಟ್ಟಣ ಒಯ್ಯಬೇಡಿ.

ಪವಿತ್ರ ಗುರುವಾರ ಸಂಜೆಯ ಪೂಜೆಗೆ ಮುಂಚೆ ಡಬ್ಬದ ದುಡ್ಡು ಕೊಟ್ಟು ಮುಗಿಸಿ. ಶುಭ ಶುಕ್ರವಾರ ಚರ್ಚಿನಲ್ಲಿ ಗಂಜಿ ಕೊಡುತ್ತಿದ್ದರೆ ಅದನ್ನೇ ಕುಡಿಯಿರಿ, ಬೇಕರಿಯ ಬನ್ ಮನೆಗೆ ಬಂದಿದ್ದರೆ ಮಕ್ಕಳಿಗೆ ಕೊಡಿ. ಶನಿವಾರ ರಾತ್ರಿಯ ಜಾಗರಣೆ ಪೂಜೆ ತಪ್ಪಿಸಬೇಡಿ, ಉದ್ದ ಅಂತ ಗೊಣಗುವವರ ಪಕ್ಕ ಕೂರಬೇಡಿ. ಹಬ್ಬ ಕಳೆದ ಮೇಲೂ ಹತ್ತು ನಿಮಿಷದ ಕುರ್ಚಿ ಹಾಗೇ ಇರಲಿ, ಕಾಫಿ ಬೇಕಿದ್ದರೆ ಮತ್ತೆ ಶುರು ಮಾಡಿ. ಹಬ್ಬದ ಮಟನ್‌ಗೆ ಮಾತ್ರ ಶನಿವಾರ ಬೆಳಿಗ್ಗೆಯೇ ಹೇಳಿಡಿ. ಭಾನುವಾರ ಎಂಟು ಗಂಟೆಗೆ ಹೋದರೆ ಮೂಳೆಯೇ ಸಿಗುವುದು.