ಆಡಿದ ಚೆಸ್ ಪಂದ್ಯವನ್ನು ಎಂಜಿನ್ ಜೊತೆ ಪರಿಶೀಲಿಸುವುದು ಹೇಗೆ

ಪಂದ್ಯ ಮುಗಿದ ಕೂಡಲೇ ಸ್ಟಾಕ್‌ಫಿಶ್‌ನಂಥ ಎಂಜಿನ್ (ಉತ್ತಮ ನಡೆ ಹುಡುಕಿ ಹೇಳುವ ಚೆಸ್ ಪ್ರೋಗ್ರಾಂ) ಆನ್ ಮಾಡಬೇಡಿ. ಮೊದಲು ಸ್ಕೋರ್‌ಶೀಟ್ ಇಟ್ಟುಕೊಂಡು ನಡೆಗಳನ್ನು ಲೀಚೆಸ್ ಜಾಲತಾಣದ ಸ್ಟಡಿ ವಿಭಾಗದಲ್ಲೋ ಸ್ಕಿಡ್ ವರ್ಸಸ್ ಪಿಸಿ ಎಂಬ ಕಂಪ್ಯೂಟರ್ ಪ್ರೋಗ್ರಾಂನಲ್ಲೋ ತುಂಬಿಸಿ, ಎರಡೂ ಉಚಿತ. ಎಲ್ಲಿ ಹೆಚ್ಚು ಹೊತ್ತು ಯೋಚಿಸಿದಿರಿ, ಎದುರಾಳಿಯ ಯಾವ ನಡೆಗೆ ಹೆದರಿದಿರಿ, ಯಾವುದನ್ನು ಲೆಕ್ಕ ಹಾಕಿ ಕೈಬಿಟ್ಟಿರಿ ಎಂಬುದನ್ನೆಲ್ಲ ಆಯಾ ನಡೆಯ ಪಕ್ಕದಲ್ಲಿ ಬರೆಯಿರಿ. ಎಂಜಿನ್‌ಗೆ ಕೇಳಬೇಕಾದ ಪ್ರಶ್ನೆಗಳು ಇವೇ. ಇವಿಲ್ಲದೆ ನೇರವಾಗಿ ಉತ್ತರ ನೋಡಿದರೆ ತಪ್ಪು ನಡೆ ಯಾವುದೆಂದು ತಿಳಿಯುತ್ತದೆ, ತಪ್ಪು ಯೋಚನೆ ಯಾವುದೆಂದು ತಿಳಿಯುವುದಿಲ್ಲ.

ಆಮೇಲೆ ಎಂಜಿನ್ ಸೆಟ್ಟಿಂಗ್‌ಗಳು. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ಗೆ ಹ್ಯಾಶ್ (ಎಂಜಿನ್ ತನ್ನ ಲೆಕ್ಕ ಇಟ್ಟುಕೊಳ್ಳಲು ಬಳಸುವ ಮೆಮೊರಿ) 1024 ಎಂಬಿ ಸಾಕು. ಥ್ರೆಡ್ಸ್ (ಏಕಕಾಲಕ್ಕೆ ನಡೆಯುವ ಲೆಕ್ಕಾಚಾರಗಳ ಸಂಖ್ಯೆ) ಅನ್ನು ಪ್ರೊಸೆಸರ್ ಕೋರ್‌ಗಳ ಸಂಖ್ಯೆಗಿಂತ ಒಂದು ಕಡಿಮೆ ಇಡಿ. ಹ್ಯಾಶ್ ವಿಪರೀತ ಏರಿಸಿ ರ‍್ಯಾಮ್ ಖಾಲಿಯಾದರೆ ಇಡೀ ಯಂತ್ರವೇ ತೆವಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಸೆಟ್ಟಿಂಗ್ ಮಲ್ಟಿಪಿವಿ, ಅಂದರೆ ಎಂಜಿನ್ ಏಕಕಾಲಕ್ಕೆ ತೋರಿಸುವ ಉತ್ತಮ ಸಾಲುಗಳ (ನಡೆಗಳ ಸರಣಿಗಳ) ಸಂಖ್ಯೆ. ಅದನ್ನು 3ಕ್ಕೆ ಇಡಿ. ಒಂದೇ ಸಾಲು ತೋರಿಸಿದರೆ ಆ ನಡೆ ಅನಿವಾರ್ಯವೋ, ಹತ್ತರಲ್ಲಿ ಒಂದೋ ಗೊತ್ತಾಗದು. ನೀವು ಬಿಳಿ ಕಾಯಿ ಆಡುವಾಗ ಮೊದಲ ಸಾಲಿನ ಅಂಕ +0.4, ಎರಡನೆಯದರದ್ದು −2.1 ಇದ್ದರೆ (ಪ್ಲಸ್ ಅಂದರೆ ಬಿಳಿ ಮುಂದೆ, ಮೈನಸ್ ಅಂದರೆ ಹಿಂದೆ) ಅಲ್ಲಿ ಉಳಿಸುವ ನಡೆ ಒಂದೇ. ಗಡಿಯಾರದ ಸಮಯವನ್ನು ಅಲ್ಲೇ ಖರ್ಚು ಮಾಡಬೇಕಿತ್ತು. ಮೂರೂ ಸಾಲು 0.3ರಿಂದ 0.4ರೊಳಗೆ ಇದ್ದರೆ ನಿಮಗೆ ಆಡಲು ಸುಲಭವಾದದ್ದನ್ನು ಧೈರ್ಯವಾಗಿ ಆರಿಸಿ, ಆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಂದಹಾಗೆ, ಸ್ಟಾಕ್‌ಫಿಶ್ 15.1ರಿಂದ ಈಚೆಗೆ +1.00 ಅಂದರೆ ಒಂದು ಪದಾತಿ ಹೆಚ್ಚಿದೆ ಎಂದಲ್ಲ. ಎಂಜಿನ್ ತನ್ನೊಡನೆ ತಾನೇ ಆಡಿದರೆ ಗೆಲ್ಲುವ ಸಾಧ್ಯತೆ 50% ಎಂದು. ಮನುಷ್ಯರ ಆಟಕ್ಕೆ ಆ ಲೆಕ್ಕ ಹಾಗೇ ಹೊಂದುವುದಿಲ್ಲ.

ಎಂಜಿನ್ ನಿಮ್ಮ ನಡೆಯನ್ನು ತಳ್ಳಿಹಾಕಿದಾಗ ಅದರ ಮೊದಲ ಸಾಲನ್ನು ಓದಿ ಮುಂದೆ ಹೋಗಬೇಡಿ. ನಿಮ್ಮ ನಡೆಯನ್ನೇ ಬೋರ್ಡಿನಲ್ಲಿ ಆಡಿಸಿ, ಎದುರಾಳಿಯ ಉತ್ತಮ ಉತ್ತರ ನೋಡಿ, ಅದಕ್ಕೆ ನಿಮಗೆ ತೋಚಿದ ಪ್ರತಿನಡೆ ಹಾಕಿ. ಅಂಕ ಕುಸಿಯಲು ಕಾರಣವಾದ ಕಾಯಿಯೋ ಚೌಕವೋ ಕಣ್ಣಿಗೆ ಬೀಳುವವರೆಗೂ ಹೀಗೇ ಮುಂದುವರಿಸಿ. ಲೀಚೆಸ್‌ನ ವಿಶ್ಲೇಷಣೆ ಬೋರ್ಡಿನಲ್ಲಿ ಎಕ್ಸ್ ಕೀ ಒತ್ತಿದರೆ ಎದುರಾಳಿಯ ಬೆದರಿಕೆ ಏನೆಂದು ಕಾಣುತ್ತದೆ. ಸದ್ದಿಲ್ಲದ ನಡೆಯೊಂದನ್ನು ಎಂಜಿನ್ ಏಕೆ ಮೆಚ್ಚುತ್ತದೆಂದು ಅರ್ಥವಾಗದಿದ್ದಾಗ ಬಹಳ ಸಲ ಗುಟ್ಟು ಅಲ್ಲೇ ಇರುತ್ತದೆ.

ಎಂಜಿನ್ ಎಡವುವ ಜಾಗವೂ ಇದೆ. ಪದಾತಿಗಳು ಪೂರ್ತಿ ಬಿಗಿದುಕೊಂಡು ಒಳನುಗ್ಗಲು ದಾರಿಯೇ ಇಲ್ಲದ ಕೋಟೆಯಂಥ ಸ್ಥಿತಿಯಲ್ಲಿ, ಕಾಯಿ ಹೆಚ್ಚಿರುವ ಕಡೆಗೆ ಅದು +2, +3 ಎನ್ನುತ್ತಲೇ ಇರಬಹುದು. ಅದರ ನಡೆಗಳನ್ನೇ 15–20 ಆಡಿಸಿ ನೋಡಿ. ಅಂಕ ಏರದೆ ಕಾಯಿಗಳು ಅತ್ತಿತ್ತ ಸುತ್ತುತ್ತಿದ್ದರೆ ಡ್ರಾ ಎಂದು ಬಲವಾಗಿ ಶಂಕಿಸಿ.

ರಾಜರನ್ನೂ ಸೇರಿಸಿ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿ ಉಳಿದ ಮೇಲೆ ಊಹೆಯ ಅಗತ್ಯವಿಲ್ಲ. ಲೀಚೆಸ್‌ನಲ್ಲಿ ಪುಸ್ತಕದ ಗುರುತು ಒತ್ತಿದರೆ ಸಿಜಿಜಿ ಟೇಬಲ್‌ಬೇಸ್ (ಕೆಲವೇ ಕಾಯಿಗಳ ಸ್ಥಿತಿಗಳನ್ನೆಲ್ಲ ಮೊದಲೇ ಲೆಕ್ಕ ಹಾಕಿಟ್ಟ ಸಂಗ್ರಹ) ಗೆಲುವು, ಸೋಲು, ಡ್ರಾಗಳನ್ನು ಖಚಿತವಾಗಿ ಹೇಳುತ್ತದೆ. ಐದು ಕಾಯಿಗಳವರೆಗಿನದ್ದು ಸುಮಾರು 1 ಜಿಬಿ. ಇಳಿಸಿಕೊಂಡು ಎಂಜಿನ್ ಸೆಟ್ಟಿಂಗ್‌ನ ಸಿಜಿಜಿಪಾತ್‌ನಲ್ಲಿ ಆ ಫೋಲ್ಡರ್ ತೋರಿಸಿದರೆ ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ.