ಅಮೆಜಾನ್ ಇಲ್ಲದ ಪಟ್ಟಿ

ಕಲಬುರಗಿಯಲ್ಲಿ ಪದವಿ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುತ್ತೇನೆ. ಜಗತ್ತಿನ ಸಸ್ಯ ಹಾಟ್‌ಸ್ಪಾಟ್‌ಗಳನ್ನು (ಬೇರೆಲ್ಲೂ ಇಲ್ಲದ ಗಿಡಗಳು ತುಂಬಿದ್ದು, ಅಪಾಯದಲ್ಲಿರುವ ಜಾಗಗಳನ್ನು) ಹೋಲಿಸಿ ಒಂದು ಚಾರ್ಟ್ ಮಾಡಲು ಎಲ್ಲರೂ ಕೂತೆವು. ನಕ್ಷೆ ಬಿಡಿಸಿದ್ದೇ ತಡ, ಒಬ್ಬ ಹುಡುಗಿ ಕೇಳಿದಳು: "ಸರ್, ಇದರಾಗ ಅಮೆಜಾನ್ ಎಲ್ಲಿ ಅದರಿ?"

ಇಲ್ಲ. ಪರಿಸರ ವಿಜ್ಞಾನಿ ನಾರ್ಮನ್ ಮೈಯರ್ಸ್ 1988ರಲ್ಲಿ ಈ ಲೆಕ್ಕ ಶುರು ಮಾಡಿದಾಗ 10 ಜಾಗಗಳಿದ್ದವು. 2000ದಲ್ಲಿ 25 ಆದವು, ಈಗ 36. ಪಟ್ಟಿಗೆ ಸೇರಲು ಎರಡು ಷರತ್ತು. ಬೇರೆಲ್ಲೂ ಬೆಳೆಯದ ಗಿಡಗಳು ಕನಿಷ್ಠ 1,500 ಜಾತಿ ಇರಬೇಕು. ಮೂಲ ಹಸಿರಿನಲ್ಲಿ ಕನಿಷ್ಠ ಶೇ 70 ಆಗಲೇ ಹೋಗಿರಬೇಕು. ಅಮೆಜಾನ್ ಇನ್ನೂ ಅಷ್ಟು ಕಳೆದುಕೊಂಡಿಲ್ಲ. ಈ ಎರಡನೇ ಷರತ್ತು ಹೇಳುವಾಗ ಪ್ರತಿ ಸಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮೊದಲ ಚಾರ್ಟ್ ಹರಿದು ಹಾಕಬೇಕಾಯಿತು. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲಿನ ಅಂಕಿ ಹೊಸ ಪಟ್ಟಿಯದು, ಪಶ್ಚಿಮ ಘಟ್ಟದ್ದು 2000ದ್ದು. ಹಳೆ ಪಟ್ಟಿಯಲ್ಲಿ ಆಂಡಿಸ್‌ಗೆ 45,000 ಜಾತಿ, ಆಮೇಲಿನದರಲ್ಲಿ 30,000! ಹೀಗೆ ಬೆರೆಸಿದರೆ ಹೋಲಿಕೆಗೆ ಅರ್ಥವೇ ಇಲ್ಲ. ಎಲ್ಲವನ್ನೂ 2000ದ ಪಟ್ಟಿಯಿಂದಲೇ ತೆಗೆದೆವು.

ಒಟ್ಟು ಜಾತಿ ನೋಡಿದರೆ ಆಂಡಿಸ್ ಎಲ್ಲರಿಗಿಂತ ಮುಂದೆ. ಅಲ್ಲಿ ಮಾತ್ರ ಇರುವ ಗಿಡಗಳ ಪಾಲು ನೋಡಿದರೆ ಮಡಗಾಸ್ಕರ್ ಆಂಡಿಸ್‌ಗಿಂತ ಮುಂದೆ: 12,000ದಲ್ಲಿ 9,704. ಇನ್ನು ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶ ನಮ್ಮ ಕರ್ನಾಟಕದ ಅರ್ಧದಷ್ಟೂ ಇಲ್ಲ, ಬರೀ 74,000 ಚದರ ಕಿ.ಮೀ. ಆದರೂ ಅಲ್ಲಿ ಮಾತ್ರ ಬೆಳೆಯುವವು 5,682. ನೂರು ಚದರ ಕಿ.ಮೀ.ಗೆ ಸುಮಾರು 7.7 ಬರುತ್ತದೆ, ಆಂಡಿಸ್‌ಗೆ 1.6. ಆದರೆ ಈ ಭಾಗಾಕಾರವನ್ನೂ ಪೂರ್ತಿ ನಂಬಬಾರದು. ಜಾಗ ಎರಡು ಪಟ್ಟಾದರೆ ಜಾತಿಗಳು ಎರಡು ಪಟ್ಟಾಗುವುದಿಲ್ಲ, ಅಲ್ವಾ? ಅದಕ್ಕೇ ಚಿಕ್ಕ ಜಾಗಗಳು ಮೇಲೆ ಬಂದುಬಿಡುತ್ತವೆ. ನಾನು ಮೂರೂ ಕಾಲಂ ಉಳಿಸಿಕೊಂಡೆ.

"ನಮ್ಮ ಚಿಂಚೋಳಿ ಕಾಡರ ಯಾಕ ಇಲ್ರಿ?" ಎಂದ ಇನ್ನೊಬ್ಬ. ಬಯಲುಸೀಮೆಯ ಒಣ ಕಾಡು ಅದು. ನಮ್ಮ ದಖ್ಖನ್ ಪ್ರಸ್ಥಭೂಮಿ ಆ ಪಟ್ಟಿಯೊಳಗಿಲ್ಲ. ಆದರೆ ಮಳೆ ಬಿದ್ದ ಮೇಲೆ ಅಲ್ಲಿಗೆ ಹೋಗಿ ನಮ್ಮದೇ ಗಿಡಗಳ ಪಟ್ಟಿ ಬರೆಯುವುದೆಂದು ಆಗಲೇ ಮಾತಾಯಿತು.

ಕೊನೆಗೆ ಮೂಲ ಹಸಿರಿನ ಪಾಲು ತೋರಿಸುವ 'ಉಳಿದದ್ದು' ಎಂಬ ಕಾಲಂ ತುಂಬಿದೆವು. ಆಂಡಿಸ್ ಶೇ 25. ಕೇಪ್ 24.3. ಮಡಗಾಸ್ಕರ್ 9.9. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ 6.8. ಆ ಹುಡುಗಿ ಪೆನ್ನು ಬದಲಿಸಿ 6.8ನ್ನು ಕೆಂಪಿನಲ್ಲಿ ಬರೆದಳು.