ಅಜ್ಜಿಯ ವೀಲ್‌ಚೇರ್ ಜೊತೆ ಮೊದಲ ಕ್ರೂಸ್: ದುಡ್ಡು ಕಟ್ಟುವ ಮುಂಚೆ ಬಾಗಿಲು ಅಳೆಯಿರಿ

ಕ್ರೂಸ್, ಅಂದರೆ ಹಡಗಿನ ಪ್ರವಾಸ, ಅಂದ ಕೂಡಲೇ ಎಲ್ಲರೂ ನೋಡುವುದು ಈಜುಕೊಳದ ಫೋಟೋ, ಆಮೇಲೆ ರೇಟು. ಮನೆಯಲ್ಲಿ ವೀಲ್‌ಚೇರಿನಲ್ಲಿ ಓಡಾಡುವ ಅಜ್ಜಿ ಇದ್ದರೆ ಅವೆರಡನ್ನೂ ಬದಿಗಿಟ್ಟು ಒಂದು ಅಳತೆ ಟೇಪು ಹಿಡಿದುಕೊಳ್ಳಿ.

ಚೇರಿನ ಪೂರ್ತಿ ಅಗಲ ಬೇಕು, ಸೀಟಿನದ್ದಲ್ಲ. ಕೈಯಿಂದ ತಿರುಗಿಸುವ ಹೊರಗಿನ ಬಳೆಯೂ ಸೇರಿ ಹೆಚ್ಚಿನ ಚೇರುಗಳು 24ರಿಂದ 26 ಇಂಚು ಇರುತ್ತವೆ. ಹಡಗಿನ ಸಾದಾ ಕೋಣೆಯ ಬಾಗಿಲು ಎಷ್ಟೋ ಕಡೆ 22-23 ಇಂಚು ಅಷ್ಟೇ. ವೀಲ್‌ಚೇರಿಗೆಂದೇ ಮಾಡಿದ ಕೋಣೆಯಲ್ಲಿ ಬಾಗಿಲು ಸುಮಾರು 32 ಇಂಚು ಇರುತ್ತದೆ, ಬಚ್ಚಲಿನಲ್ಲಿ ಹಿಡಿಕೆ, ಕೂತು ಸ್ನಾನ ಮಾಡುವ ಸೀಟು ಇರುತ್ತದೆ. ಅಂಥ ಕೋಣೆ ಒಂದು ಹಡಗಿನಲ್ಲಿ ಕೆಲವೇ ಕೆಲವು. ಅದಕ್ಕೇ ತಿಂಗಳುಗಟ್ಟಲೆ ಮುಂಚೆ ಕೇಳಬೇಕು. ನಮ್ಮಮ್ಮನಿಗಾಗಿ ನಾವು ವಿಚಾರಿಸಿದಾಗ ಏಜೆಂಟ್ 'ವೀಲ್‌ಚೇರಿಗೆ ಏನೂ ತೊಂದರೆ ಇಲ್ಲ' ಅಂದಿದ್ದರು, ಆಮೇಲೆ ಬಿಡಿಸಿ ಕೇಳಿದರೆ ಅವರ ಅರ್ಥ ಹಡಗಿನ ಬಾಗಿಲವರೆಗೆ ತಳ್ಳಿಕೊಂಡು ಬಿಡುತ್ತಾರೆ ಅಂತ! ಕೋಣೆಯೊಳಗೆ ಹೇಗೆ ಅನ್ನುವುದು ಅವರ ತಲೆಗೇ ಬಂದಿರಲಿಲ್ಲ. ಹಾಗಾಗಿ ಕೋಣೆಯ ಬಾಗಿಲು ಎಷ್ಟು ಇಂಚು, ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರ, ಎರಡಕ್ಕೂ ಇಮೇಲಿನಲ್ಲೇ ಉತ್ತರ ತರಿಸಿಕೊಳ್ಳಿ. ಫೋನಿನ ಮಾತು ಸಾಲದು.

ಎರಡನೇ ಪ್ರಶ್ನೆ, ಹಡಗು ದಡಕ್ಕೆ ತಾಗುತ್ತದಾ? ಮುಂಬೈಯಿಂದ ಹೊರಡುವ ಕ್ರೂಸ್ ಹಡಗುಗಳು ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಹೋಗುತ್ತವೆ. ಕೊಚ್ಚಿಯಲ್ಲಿ ಹಡಗು ದಡದ ಕಟ್ಟೆಗೇ ಬಂದು ನಿಲ್ಲುತ್ತದೆ, ಹಡಗಿನಿಂದ ದಡಕ್ಕೆ ಹಾಕುವ ಸೇತುವೆಯಂಥ ದಾರಿಯ ಮೇಲೆ ಚೇರು ಇಳಿಸಬಹುದು. ಲಕ್ಷದ್ವೀಪದಲ್ಲಿ ಹಾಗಲ್ಲ. ದ್ವೀಪದ ಸುತ್ತ ನೀರು ಆಳ ಇಲ್ಲ, ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುತ್ತದೆ, ಜನ ಸಣ್ಣ ದೋಣಿಗೆ ಇಳಿದು ಹೋಗಬೇಕು. ಅಲೆಗೆ ದೋಣಿ ಮೇಲೆ ಕೆಳಗೆ ಆಗುವಾಗ ಕಾಲು ಊರಲಾಗದವರನ್ನು ದಾಟಿಸುವುದು ಸುಲಭವಿಲ್ಲ. ಅಲ್ಲಿಗೆ ಹೋಗುವುದಾದರೆ ಆ ದಿನ ಅಜ್ಜಿ ಹಡಗಿನಲ್ಲೇ ಇರಬೇಕಾಗಬಹುದು ಅಂತ ಮೊದಲೇ ಅವರ ಹತ್ತಿರ ಮಾತಾಡಿ, ಜೊತೆಗೆ ಯಾರು ಉಳಿಯುತ್ತಾರೆ ಅಂತಲೂ ಮನೆಯಲ್ಲೇ ಗೊತ್ತು ಮಾಡಿಕೊಳ್ಳಿ. ಅಲ್ಲಿಗೆ ಹೋಗಿ 'ನೀವು ಇಲ್ಲೇ ಕೂತಿರಿ' ಅಂದರೆ ಅವರಿಗೆ ಎಷ್ಟು ಬೇಜಾರಾಗುತ್ತದೆ, ಅಲ್ವಾ? ಮೊದಲ ಸಲಕ್ಕೆ ದಡಕ್ಕೆ ತಾಗುವ ದಾರಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಕಾಲ ನೋಡಿ. ಆಟಿಯ, ಅಂದರೆ ಜುಲೈ-ಆಗಸ್ಟಿನ ಮಳೆಗಾಲದ, ಕಡಲು ಹೇಗಿರುತ್ತದೆ ಅಂತ ಬೇಕಲದ ದಡದಲ್ಲಿ ನಿಂತು ನೋಡಿದವರಿಗೆ ಹೇಳಬೇಕಾಗಿಲ್ಲ. ಡಿಸೆಂಬರ್, ಜನವರಿ, ಫೆಬ್ರವರಿ ಒಳ್ಳೆಯ ತಿಂಗಳುಗಳು. ಕೋಣೆ ಹಡಗಿನ ನಡುವೆ, ಕೆಳಗಿನ ಅಂತಸ್ತಿನಲ್ಲಿ ಸಿಕ್ಕಿದರೆ ಓಲಾಟ ಕಡಿಮೆ. ಲಿಫ್ಟಿಗೆ ಹತ್ತಿರ ಇರಲಿ. ವಾಂತಿಯ ಮಾತ್ರೆ ಅಜ್ಜಿಯ ಬಿಪಿ ಮಾತ್ರೆ ಜೊತೆ ಆಗುತ್ತದಾ ಅಂತ ಡಾಕ್ಟರ್ ಹತ್ತಿರ ಕೇಳಿಯೇ ಕೊಡಿ.

ಕಾಸರಗೋಡಿನಿಂದ ಮುಂಬೈಗೆ ನೇತ್ರಾವತಿ ರೈಲು ಇದೆ. ಟಿಕೆಟ್ ಮಾಡುವಾಗ ಹಿರಿಯರ ಕೆಳಗಿನ ಬರ್ತ್ ಕೋಟಾ ಹಾಕಿ, ಗಂಡಸರಿಗೆ 60, ಹೆಂಗಸರಿಗೆ 45 ವರ್ಷ ಆಗಿರಬೇಕು, ಒಂದು ಟಿಕೆಟಿನಲ್ಲಿ ಅಂಥವರು ಒಬ್ಬರೇ ಅಥವಾ ಇಬ್ಬರೇ ಇರಬೇಕು. ಹಡಗು ಹೊರಡುವ ದಿನವೇ ತಲುಪುವ ಹಾಗೆ ಮಾತ್ರ ಮಾಡಬೇಡಿ. ರೈಲು ತಡವಾದರೆ ಹಡಗು ಕಾಯುವುದಿಲ್ಲ. ಒಂದು ದಿನ ಮುಂಚೆ ಹೋಗಿ ಅಜ್ಜಿಗೆ ಒಂದು ರಾತ್ರಿ ಸರಿಯಾಗಿ ನಿದ್ದೆ ಮಾಡಲು ಬಿಡಿ.

ಮಕ್ಕಳ ವಿಷಯ ಅಷ್ಟು ಕಷ್ಟ ಇಲ್ಲ. ಹೆಚ್ಚಿನ ಹಡಗುಗಳಲ್ಲಿ ಆರು ತಿಂಗಳಿಗಿಂತ ಚಿಕ್ಕ ಮಗುವನ್ನು ಹತ್ತಿಸುವುದಿಲ್ಲ, ಡೈಪರ್ ಹಾಕುವ ಮಗುವನ್ನು ಈಜುಕೊಳಕ್ಕೆ ಬಿಡುವುದಿಲ್ಲ. ಮಕ್ಕಳಿಗೂ ಗುರುತಿನ ಚೀಟಿ ಬೇಕು. ಬಾಲ್ಕನಿ ಇದ್ದರೆ ಅಲ್ಲಿನ ಕುರ್ಚಿಯನ್ನು ಕಂಬಿಯಿಂದ ದೂರ ಇಡಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಅಜ್ಜಿ ಹೇಗೂ ಕೂತಿರುತ್ತಾರಲ್ಲ ಅಂತ ಸುಮ್ನೆ ಮಕ್ಕಳನ್ನು ಅವರಿಗೆ ಒಪ್ಪಿಸಿ ಹೋಗಬೇಡಿ. ಅವರೂ ಕಡಲು ನೋಡಲು ಬಂದವರು.

ಹತ್ತಿದ ದಿನ ಸುರಕ್ಷತಾ ಡ್ರಿಲ್ ಇರುತ್ತದೆ, ಅದನ್ನು ತಪ್ಪಿಸುವ ಹಾಗಿಲ್ಲ. ನಿಜವಾದ ಅಪಾಯದಲ್ಲಿ ಲಿಫ್ಟ್ ಬಳಸುವಂತಿಲ್ಲ, ಆಗ ಅಜ್ಜಿಯನ್ನು ಮೆಟ್ಟಿಲಿನಲ್ಲಿ ಯಾರು, ಹೇಗೆ ಇಳಿಸುತ್ತಾರೆ ಅಂತ ಅಲ್ಲೇ ಸಿಬ್ಬಂದಿಯ ಹತ್ತಿರ ಕೇಳಿ, ಅವರ ಪಟ್ಟಿಯಲ್ಲಿ ಹೆಸರು ಬರೆಸಿ.

ದೊಡ್ಡ ಬ್ಯಾಗುಗಳನ್ನು ಹತ್ತುವಾಗಲೇ ತೆಗೆದುಕೊಳ್ಳುತ್ತಾರೆ, ಕೋಣೆಗೆ ಬರುವಾಗ ಕೆಲವು ಗಂಟೆ ಆಗುತ್ತದೆ. ಮಾತ್ರೆ, ಡಾಕ್ಟರ್ ಚೀಟಿ, ಮಕ್ಕಳ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಬಿಡುವುದಿಲ್ಲ, ಅಜ್ಜಿಗೆ ಬಿಸಿನೀರು ಬೇಕಾದರೆ ಒಂದು ಫ್ಲಾಸ್ಕ್ ಒಯ್ಯಿರಿ. ರಾತ್ರಿ ಗಂಜಿ ಸಿಗುತ್ತದಾ ಅಂತ ಬುಕ್ ಮಾಡುವಾಗಲೇ ಕೇಳಿ. ನಡುಗಡಲಿನಲ್ಲಿ ಫೋನನ್ನು ಏರ್‌ಪ್ಲೇನ್ ಮೋಡಿನಲ್ಲಿಡಿ, ಇಲ್ಲದಿದ್ದರೆ ಹಡಗಿನ ನೆಟ್‌ವರ್ಕ್ ಹಿಡಿದು ಬಿಲ್ ಜಾಸ್ತಿ ಬರುತ್ತದೆ.

ಹೊರಡುವ ಹಿಂದಿನ ವಾರ ಚೇರಿನ ಬ್ರೇಕು, ಸ್ಕ್ರೂ, ಟೈರಿನ ಗಾಳಿ ನೋಡಿ. ಡೆಕ್ಕಿನಲ್ಲಿ ನಿಲ್ಲಿಸಿದಾಗ ಎರಡೂ ಬ್ರೇಕು ಹಾಕಲೇಬೇಕು, ಅದನ್ನು ದೊಡ್ಡ ಮಗನಿಗೂ ಕಲಿಸಿಡಿ. ಅಜ್ಜಿಯ ಹೆಸರು, ಕೋಣೆ ನಂಬರ್ ಬರೆದ ಒಂದು ಚೀಟಿಯನ್ನು ಚೇರಿಗೆ ಕಟ್ಟಿ.